ಲ್ಯಾಪ್‌ಟಾಪ್ ಬಿಸಿಯಾದರೆ: ಹೊಸ ಫ್ಯಾನ್ ತರಿಸುವ ಮೊದಲು ನೋಡಬೇಕಾದದ್ದು

ಕಳೆದ ಜನವರಿಯಲ್ಲಿ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಒಬ್ಬರು ಟೀಚರ್ ಬದಿಯಡ್ಕದಲ್ಲಿರುವ ನನ್ನ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ತಂದರು. ಜೊತೆಗೆ ಆನ್‌ಲೈನಿನಲ್ಲಿ ತರಿಸಿದ ಹೊಸ ಫ್ಯಾನೂ ಇತ್ತು. “ಅಣ್ಣ, ಇದರ ಫ್ಯಾನ್ ಹೋಗಿದೆ. ಹೊಸತು ನಾನೇ ತರಿಸಿದ್ದೇನೆ, ಹಾಕಿ ಕೊಟ್ಟರೆ ಸಾಕು. ಪ್ರಶ್ನೆಪತ್ರಿಕೆ ಟೈಪ್ ಮಾಡ್ತಾ ಇರುವಾಗಲೇ ಆಫ್ ಆಗ್ತದೆ” ಅಂದರು. ಆನ್ ಮಾಡಿ ಕಿವಿಗೊಟ್ಟೆ. ಫ್ಯಾನ್ ತಿರುಗುತ್ತಿತ್ತು, ಅದೂ ಜೋರಾಗಿಯೇ. ಮೇಜಿನ ಮೇಲಿದ್ದ ಬಸ್ ಟಿಕೇಟನ್ನು ಬಿಸಿಗಾಳಿ ಹೊರಬರುವ ಕಿಂಡಿಯ ಎದುರು ಹಿಡಿದೆ. ಟಿಕೇಟು ಅಲುಗಲಿಲ್ಲ.

ಕೆಳಗಿನ ಮುಚ್ಚಳ ತೆಗೆದು ಫ್ಯಾನ್ ಬಿಚ್ಚಿದಾಗ, ಫ್ಯಾನಿನ ಬಾಯಿಗೂ, ಬಿಸಿಯನ್ನು ಗಾಳಿಗೆ ಬಿಡುವ ಲೋಹದ ಭಾಗವಾದ ಹೀಟ್‌ಸಿಂಕಿನ ತಾಮ್ರದ ಹಲ್ಲುಗಳಿಗೂ ನಡುವೆ ಕಂಬಳಿಯಂಥ ಒಂದು ಪಟ್ಟಿ ಕೂತಿತ್ತು. ಚಿಮಟದಲ್ಲಿ ಒಂದು ತುದಿ ಹಿಡಿದು ಮೆಲ್ಲಗೆ ಎಳೆದರೆ ಇಡೀ ಪಟ್ಟಿ ಒಂದೇ ತುಂಡಾಗಿ ಬಂತು. ಕಿರುಬೆರಳಿನಷ್ಟು ಉದ್ದ, ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ದಪ್ಪ, ಬಣ್ಣ ಕೆಂಪು ಕಂದು. ಬೆಳಕಿಗೆ ಹಿಡಿದು ಬಿಡಿಸಿದೆ: ಬಟ್ಟೆಯ ನೂಲು, ತಲೆಕೂದಲು, ಮುರಕಲ್ಲಿನ ಹುಡಿ, ಎಲ್ಲಕ್ಕಿಂತ ಹೆಚ್ಚಾಗಿ ಅಡಿಕೆ ಸಿಪ್ಪೆಯ ಸಣ್ಣ ಸಣ್ಣ ನಾರು. ಕೇಳಿದರೆ, ಅವರು ರಾತ್ರಿ ಕೂತು ಕೆಲಸ ಮಾಡುವುದು ಅಡಿಕೆ ಸುಲಿಯುವ ಚಾವಡಿಯಲ್ಲಿ. ಹಳೆಯ ಫ್ಯಾನಿಗೆ ಎಂತದೂ ಆಗಿರಲಿಲ್ಲ. ಅದನ್ನೇ ತೊಳೆದು ಒರೆಸಿ ಪುನಃ ಹಾಕಿದೆ. ತಂದ ಫ್ಯಾನನ್ನು ಹಿಂದೆ ಕಳಿಸಲು ಅವರಿಗೆ ಇನ್ನೂ ಎರಡು ದಿನದ ಅವಕಾಶ ಇತ್ತು.

“ಫ್ಯಾನ್ ಹೋಗಿದೆ” ಎಂದು ನಮ್ಮಲ್ಲಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ನಿಜವಾಗಿ ಫ್ಯಾನ್ ಕೆಟ್ಟದ್ದು ಕಡಿಮೆ. ಆ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ದೋಷ ಅಡಗಿರುತ್ತದೆ. ಮುಖ್ಯ ಚಿಪ್ಪಿನ (ಪ್ರೊಸೆಸರಿನ) ಬಿಸಿ, ಅದರ ಮೇಲೆ ಹಚ್ಚಿರುವ ಬಿಸಿ ಸಾಗಿಸುವ ಪೇಸ್ಟ್ ದಾಟಿ ತಾಮ್ರದ ಕೊಳವೆಗೆ ಹೋಗಬೇಕು, ಕೊಳವೆಯಿಂದ ಬಾಚಣಿಗೆಯಂತೆ ಒತ್ತೊತ್ತಾಗಿರುವ ಹಲ್ಲುಗಳಿಗೆ ಬರಬೇಕು, ಅಲ್ಲಿಂದ ಗಾಳಿ ಅದನ್ನು ಹೊರಗೆ ಒಯ್ಯಬೇಕು. ಎಷ್ಟು ಜೋರಾಗಿ ತಿರುಗಬೇಕು ಎಂದು ಫ್ಯಾನಿಗೆ ಹೇಳುವುದು ಬೋರ್ಡಿನಲ್ಲಿರುವ ಇನ್ನೊಂದು ಸಣ್ಣ ಚಿಪ್. ನಾವು ಅದನ್ನು ಇಸಿ ಎನ್ನುತ್ತೇವೆ. ಪೇಸ್ಟ್ ಒಣಗಿದರೂ, ಹಲ್ಲು ಕಟ್ಟಿದರೂ, ಇಸಿ ಹೇಳದಿದ್ದರೂ, ಫ್ಯಾನೇ ಕೆಟ್ಟರೂ ಹೊರಗೆ ಕಾಣುವುದು ಒಂದೇ: ತೊಡೆ ಸುಡುವ ಬಿಸಿ ಮತ್ತು ಇದ್ದಕ್ಕಿದ್ದಂತೆ ಆಫ್. ಯಾವುದು ಎಂದು ತಿಳಿಯದೆ ಸಾಮಾನು ತರಿಸಿದರೆ ದುಡ್ಡೂ ಹೋಗುತ್ತದೆ, ಬಿಸಿಯೂ ಹಾಗೇ ಇರುತ್ತದೆ.

ತೆರೆಯುವ ಮೊದಲು

ಆಫ್ ಆಗುತ್ತಿರುವ ಲ್ಯಾಪ್‌ಟಾಪ್ ಆದರೆ ಎಲ್ಲಕ್ಕಿಂತ ಮೊದಲು ಬೇಕಾದ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದಿಡಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಫ್ಯಾನಿನದ್ದು ಎಂದುಕೊಂಡ “ಟಿಕ್, ಟಿಕ್” ಸದ್ದು ಹಾರ್ಡ್ ಡಿಸ್ಕಿನದ್ದಾಗಿರುವುದೂ ಉಂಟು. ಹಾಗಿದ್ದರೆ ಅದು ಸಾಯುವ ಡಿಸ್ಕ್, ಬಿಸಿಗಿಂತ ದೊಡ್ಡ ಚಿಂತೆ.

ಶಾಲೆಯ ಲ್ಯಾಪ್‌ಟಾಪ್ ಅಥವಾ ವಾರಂಟಿ ಇರುವುದಾದರೆ ಇಲ್ಲಿಗೆ ನಿಲ್ಲಿಸಿ. ಅದಕ್ಕೆ ದೂರು ಕೊಡುವ ಕ್ರಮ ಬೇರೆ ಇದೆ, ಸ್ಕ್ರೂ ಮುಟ್ಟಬೇಡಿ.

ಈಗ ಕಿವಿಯ ಕೆಲಸ. ಕೋಣೆಯ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕೀಬೋರ್ಡಿನ ಹತ್ತಿರ ಕಿವಿ ತನ್ನಿ. “ಸುಂಯ್” ಎಂದು ಬರೀ ಗಾಳಿಯ ಸದ್ದು ಜೋರಾಗಿದ್ದರೆ ಫ್ಯಾನ್ ಚೆನ್ನಾಗಿದೆ, ಅದಕ್ಕೆ ಹೆಚ್ಚು ಕೆಲಸ ಬಿದ್ದಿದೆ ಅಷ್ಟೆ. ಆನ್ ಮಾಡುವಾಗ “ಗರಗರ” ಎಂದು ಅರೆದು, ಬಿಸಿಯಾದ ಮೇಲೆ ಕಡಿಮೆಯಾದರೆ ಬೇರಿಂಗ್ ಸವೆದಿದೆ. ಇದನ್ನು ಖಚಿತಪಡಿಸಲು ಸುಲಭದ ದಾರಿ ಉಂಟು. ಸದ್ದು ಇರುವಾಗಲೇ ಲ್ಯಾಪ್‌ಟಾಪನ್ನು ನಿಧಾನವಾಗಿ ಒಂದು ಬದಿಗೆ ಓರೆ ಮಾಡಿ. ಓರೆ ಮಾಡಿದ ಹಾಗೆ ಸದ್ದು ಬದಲಾದರೆ, ಒಂದು ಕೋನದಲ್ಲಿ ಪೂರ್ತಿ ನಿಂತರೆ, ರೆಕ್ಕೆ ತಿರುಗುವ ಒಳಗಿನ ದಂಡ ಸಡಿಲವಾಗಿದೆ. ಆ ಫ್ಯಾನ್ ಬದಲಿಸಲೇಬೇಕು. ಒಂದೇ ತಾಳದಲ್ಲಿ “ಟರ್ರ್” ಎಂದರೆ ರೆಕ್ಕೆಗೆ ಏನೋ ತಾಗುತ್ತಿದೆ: ನಾರು, ಸಡಿಲವಾದ ವಯರು, ಇಲ್ಲವೇ ಬಗ್ಗಿದ ಮುಚ್ಚಳ. ಪುಟ ಸ್ಕ್ರೋಲ್ ಮಾಡುವಾಗ ಮಾತ್ರ “ಕೀಂ” ಎನ್ನುವ ಸಣ್ಣ ದನಿ ಬೋರ್ಡಿನ ತಂತಿಸುರುಳಿಯಾದ ಕಾಯಿಲ್‌ನದ್ದು, ಅದಕ್ಕೂ ಫ್ಯಾನಿಗೂ ಸಂಬಂಧ ಇಲ್ಲ.

ಸದ್ದೇ ಇಲ್ಲದಿದ್ದರೆ? ಗಾಬರಿ ಬೇಡ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳು ತಣ್ಣಗಿರುವಾಗ ಫ್ಯಾನನ್ನು ಪೂರ್ತಿ ನಿಲ್ಲಿಸುತ್ತವೆ. ಕೆಲಸ ಕೊಟ್ಟು ನೋಡಿದ ಮೇಲೆಯೇ ಮಾತು.

ಕೆಲಸ ಕೊಡಲು, ಫೈಲು ಕುಗ್ಗಿಸುವ 7-ಜಿಪ್ ತಂತ್ರಾಂಶದೊಳಗೆ ಚಿಪ್ಪಿನ ವೇಗ ಅಳೆಯುವ ಬೆಂಚ್‌ಮಾರ್ಕ್ ಸಾಕು. ಉಷ್ಣತೆ ನೋಡಲು ವಿಂಡೋಸಿನಲ್ಲಿ ಎಚ್‌ಡಬ್ಲ್ಯೂಇನ್ಫೋ ಹಾಕಿಕೊಳ್ಳಿ. ನಮ್ಮ ಜಿಲ್ಲೆಯ ಟೀಚರುಗಳಿಗೆ ಶಾಲೆಯಿಂದಲೇ, ವಿಂಡೋಸಿನ ಬದಲಿಗೆ ಬಳಸುವ ಉಬುಂಟುವಿನ ಅಭ್ಯಾಸ ಇದೆ. ಅವರು ಎಲ್‌ಎಂ-ಸೆನ್ಸರ್ಸ್ ಹಾಕಿಕೊಂಡು ಟರ್ಮಿನಲ್ಲಿನಲ್ಲಿ ಸೆನ್ಸರ್ಸ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆಯಿತು. ಸುಮ್ಮನಿರುವಾಗಿನ ಡಿಗ್ರಿ, 10 ನಿಮಿಷ ಕೆಲಸ ಕೊಟ್ಟ ಮೇಲಿನ ಡಿಗ್ರಿ, ಆಗಿನ ಕೋಣೆಯ ಸೆಕೆ, ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಕೋಣೆಯ ಸೆಕೆ ಬರೆಯಲು ಮರೆಯಬೇಡಿ. ಎಸಿ ಕೋಣೆಯ 24 ಡಿಗ್ರಿಯಲ್ಲಿ ಮಾಡಿದ ಪರೀಕ್ಷೆಯ ಲೆಕ್ಕ ಏಪ್ರಿಲ್ ತಿಂಗಳ ನಮ್ಮ 33 ಡಿಗ್ರಿಯ ಕೋಣೆಗೆ ಹೊಂದುವುದಿಲ್ಲ. ಆ 9 ಡಿಗ್ರಿ ಹೆಚ್ಚುಕಡಿಮೆ ಹಾಗೆಯೇ ಚಿಪ್ಪಿನ ಮೇಲೆ ಸೇರುತ್ತದೆ. ತೆಳು ಲ್ಯಾಪ್‌ಟಾಪ್‌ಗಳು ಕೆಲಸದಲ್ಲಿರುವಾಗ 85–90 ಮುಟ್ಟುವುದು ದೋಷವಲ್ಲ. ಬಹುಪಾಲು ಇಂಟೆಲ್ ಚಿಪ್‌ಗಳ ಮಿತಿ 100 ಡಿಗ್ರಿ. ಅಲ್ಲಿಗೆ ತಲುಪಿ, ವೇಗ ತಾನೇ ಇಳಿದು, ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡಲು ಶುರುವಾದರೆ ಬಿಸಿ ಹೊರಗೆ ಹೋಗುತ್ತಿಲ್ಲ ಎಂದೇ ಲೆಕ್ಕ.

ಡಿಗ್ರಿ ಎಷ್ಟು ಎನ್ನುವುದಕ್ಕಿಂತ ಹೇಗೆ ಏರಿತು ಎನ್ನುವುದು ಹೆಚ್ಚು ಹೇಳುತ್ತದೆ. ಇದನ್ನು ಗಮನಿಸಲು ಕಲಿತ ಮೇಲೆ ನನ್ನ ಅರ್ಧ ಕೆಲಸ ಕಡಿಮೆಯಾಯಿತು. ಕೆಲಸ ಕೊಟ್ಟ ಎರಡು ಮೂರು ಸೆಕೆಂಡಿನಲ್ಲಿ 55ರಿಂದ 98ಕ್ಕೆ ಹಾರಿ ಅಲ್ಲೇ ನಿಂತು, ಕೆಲಸ ನಿಲ್ಲಿಸಿದ ಕೂಡಲೇ ಅಷ್ಟೇ ವೇಗದಲ್ಲಿ ಇಳಿದರೆ, ಹೊರಬರುವ ಗಾಳಿಯೂ ತಣ್ಣಗಿದ್ದರೆ, ಬಿಸಿ ಚಿಪ್ಪನ್ನು ಬಿಟ್ಟು ಕೊಳವೆಗೆ ದಾಟುತ್ತಲೇ ಇಲ್ಲ. ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕಿನ ಸ್ಕ್ರೂ ಸಡಿಲ. ಹಾಗಲ್ಲದೆ ನಾಲ್ಕೈದು ನಿಮಿಷದಲ್ಲಿ ಮೆಲ್ಲ ಮೆಲ್ಲ ಏರಿ, ಕೆಲಸ ನಿಲ್ಲಿಸಿದ ಮೇಲೂ ಇಳಿಯಲು ಮನಸ್ಸು ಮಾಡದಿದ್ದರೆ ಬಿಸಿ ಹಲ್ಲುಗಳವರೆಗೆ ಬಂದಿದೆ, ಒಯ್ಯುವ ಗಾಳಿ ಇಲ್ಲ. ಹೊಸ ಚಿಪ್‌ಗಳು ಮೊದಲ ಕೆಲವು ಸೆಕೆಂಡು ಹೆಚ್ಚು ಬಲ ಹಾಕಿ ಒಮ್ಮೆ ಮೇಲೆ ಹಾರಿ ಆಮೇಲೆ ಕೆಳಗೆ ನೆಲೆ ನಿಲ್ಲುವುದುಂಟು. ಹಾಗೆ ತಾನೇ ಇಳಿದರೆ ಅದನ್ನು ದೋಷ ಎನ್ನಬೇಡಿ.

ಇನ್ನು ಬಸ್ ಟಿಕೇಟಿನ ಪರೀಕ್ಷೆ. ತೆಳು ಕಾಗದವನ್ನು ಎರಡು ಬೆರಳಿನಲ್ಲಿ ಕಿಂಡಿಯ ಎದುರು ಇಳಿಬಿಟ್ಟರೆ ಅದು ಹೊರಕ್ಕೆ ಬಾಗಬೇಕು. ತೆರೆಯಲ್ಲಿ ಆರ್‌ಪಿಎಂ (ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಕಾಣಿಸುವ ಲ್ಯಾಪ್‌ಟಾಪ್ ಆದರೆ ಅದನ್ನೂ ನೋಡಿ, ಆದರೆ ಅದನ್ನೇ ನಂಬಬೇಡಿ. ಲ್ಯಾಪ್‌ಟಾಪಿನ ಫ್ಯಾನ್ ಗಾಳಿಯನ್ನು ಪಕ್ಕಕ್ಕೆ ಎಸೆಯುವ ಬ್ಲೋವರ್. ಅದರ ಬಾಯಿ ಕಟ್ಟಿದರೆ ತಳ್ಳಲು ಗಾಳಿ ಇಲ್ಲದೆ ಭಾರ ಕಡಿಮೆಯಾಗಿ, ಅದು ಮೊದಲಿಗಿಂತ ತುಸು ಜೋರಾಗಿಯೇ ತಿರುಗುತ್ತದೆ. ಟೀಚರ ಲ್ಯಾಪ್‌ಟಾಪಿನಲ್ಲಿ ಆರ್‌ಪಿಎಂ ಚೆನ್ನಾಗಿಯೇ ಕಾಣುತ್ತಿತ್ತು. ಟಿಕೇಟು ಮಾತ್ರ ಸತ್ಯ ಹೇಳಿತು.

ಕೆಲವು ಕಂಪೆನಿಯ ಲ್ಯಾಪ್‌ಟಾಪ್ ಆನ್ ಆಗುವಾಗಲೇ ದೂರು ಹೇಳುತ್ತದೆ. ಎಚ್‌ಪಿಯಲ್ಲಿ 90ಬಿ ಎಂಬ ಸಂಖ್ಯೆ, ಥಿಂಕ್‌ಪ್ಯಾಡಿನಲ್ಲಿ ಫ್ಯಾನ್ ಎರರ್ ಎಂಬ ಸಾಲು. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್12 ಒತ್ತಿದರೆ ತನ್ನನ್ನೇ ಪರೀಕ್ಷಿಸಿಕೊಳ್ಳುವ ಡಯಾಗ್ನಾಸ್ಟಿಕ್ಸ್ ಸಿಗುತ್ತದೆ. ಈ ಸಂದೇಶಗಳ ಅರ್ಥ ಫ್ಯಾನ್ ಸುಟ್ಟಿದೆ ಎಂದಲ್ಲ. ತಿರುಗು ಎಂದು ಇಸಿ ಹೇಳಿತು, ತಿರುಗಿದ ಲೆಕ್ಕ ಹಿಂದೆ ಬರಲಿಲ್ಲ ಎಂದಷ್ಟೆ. ಕನೆಕ್ಟರ್ ಸಡಿಲವಾದರೂ, ರೆಕ್ಕೆಯ ನಡುವೆ ಒಂದು ಜಿರಲೆ ಸಿಕ್ಕಿದರೂ ಅದೇ ಸಂದೇಶ ಬರುತ್ತದೆ.

ಒಮ್ಮೆ ಹ್ಯಾಂಗ್ ಆದ ನಂತರ ಫ್ಯಾನ್ ನಿಂತದ್ದಾದರೆ ಚಾರ್ಜರ್ ತೆಗೆದು, ಬ್ಯಾಟರಿ ಕಳಚುವ ಬಗೆಯದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಹೆಚ್ಚಿನವುಗಳಲ್ಲಿ ಇಸಿ ಹೊಸದಾಗಿ ಶುರುವಾಗುತ್ತದೆ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಕೂಲಿಂಗ್ ಪಾಲಿಸಿ ಪ್ಯಾಸಿವ್ ಎಂದಿದ್ದರೆ ಆಕ್ಟಿವ್ ಮಾಡಿ. ಪ್ಯಾಸಿವ್‌ನಲ್ಲಿ ಫ್ಯಾನ್ ಏರಿಸುವ ಮೊದಲು ಚಿಪ್ಪಿನ ವೇಗವನ್ನೇ ಇಳಿಸುತ್ತದೆ. ಸಾಫ್ಟ್‌ವೇರಿನ ಕಡೆಯಿಂದ ಇಷ್ಟು ಸಾಕು.

ತೆರೆದ ಮೇಲೆ

ಸ್ಕ್ರೂಗಳ ಉದ್ದ ಒಂದೊಂದು ಕಡೆ ಒಂದೊಂದು ತರ. ಉದ್ದದ ಸ್ಕ್ರೂ ಗಿಡ್ಡದ ಜಾಗದಲ್ಲಿ ಹೊಕ್ಕರೆ ಮೇಲೆ ಕೀಬೋರ್ಡಿನ ಬದಿಯಲ್ಲಿ ಉಬ್ಬು ಏಳುತ್ತದೆ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ತೆಗೆದ ಜಾಗದಲ್ಲೇ ಒಂದೊಂದನ್ನು ಚುಚ್ಚಿಡಿ. ಮುಚ್ಚಳದ ಅಂಚು ಬಿಡಿಸಲು ಹಳೆಯ ಎಟಿಎಂ ಕಾರ್ಡ್ ಒಳ್ಳೆಯದು, ಚೂರಿ ಬೇಡ. ಮುಚ್ಚಳ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು.

ಈಗ ಫ್ಯಾನಿನ ರೆಕ್ಕೆಯನ್ನು ಕಿರುಬೆರಳಿನಿಂದ ಒಮ್ಮೆ ತಳ್ಳಿ ನೋಡಿ. ಒಳಗಿನ ಅಯಸ್ಕಾಂತದ ಸಣ್ಣ ಸಣ್ಣ ಹಿಡಿತ ಬೆರಳಿಗೆ ತಿಳಿಯುತ್ತದೆ, ಅದು ಸಹಜ. ನುಣ್ಣಗೆ ಸುತ್ತಿ ನಿಂತರೆ ಬೇರಿಂಗ್ ಸರಿ. ಮರಳಿನಲ್ಲಿ ತಿರುಗಿದ ಹಾಗೆ ಅನಿಸಿದರೆ, ಇಲ್ಲವೇ ಬಿಟ್ಟಲ್ಲೇ ನಿಂತರೆ ತುಕ್ಕು ಅಥವಾ ಒಣಗಿದ ಬೇರಿಂಗ್. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯ ಮನೆಗಳಿಂದ ಬರುವುದರಲ್ಲಿ ಉಪ್ಪುಗಾಳಿಯಿಂದ ಇದು ಹೆಚ್ಚು. ಕನೆಕ್ಟರಿನ ಪಿನ್ನುಗಳೂ ಹಸುರುಗಟ್ಟಿರುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಪಿನ್ನು ಉಜ್ಜಿ, ಒಣಗಿಸಿ, ಪುನಃ ಸಿಕ್ಕಿಸಿದಾಗಲೇ ಸರಿಯಾದ ಫ್ಯಾನುಗಳು ಹಲವು.

ಹೀಟ್‌ಸಿಂಕಿನ ಹಲ್ಲು ನೋಡಲು ಫ್ಯಾನನ್ನು ಬಿಚ್ಚಲೇಬೇಕು. ಹೊರಗಿನ ಕಿಂಡಿಯಿಂದ ಟಾರ್ಚ್ ಹಾಕಿದರೆ ಹಲ್ಲುಗಳು ಹೊಳೆಯುತ್ತಾ ಚೊಕ್ಕವಾಗಿ ಕಾಣುತ್ತವೆ, ಏಕೆಂದರೆ ಕಂಬಳಿ ಕೂರುವುದು ಒಳಬದಿಯಲ್ಲಿ, ಫ್ಯಾನಿಗೆ ಮುಖ ಮಾಡಿ. ಬಹಳ ಮಂದಿ ಇಲ್ಲಿ ಮೋಸ ಹೋಗುತ್ತಾರೆ. ಹೊರಗಿನಿಂದ ಗಾಳಿ ಊದಿದರೆ ಆ ಕಂಬಳಿ ಎದ್ದು ಹಿಂದೆ ಫ್ಯಾನಿನೊಳಗೆ ಬೀಳುತ್ತದೆ, ರೆಕ್ಕೆಗೆ ಸಿಕ್ಕಿಕೊಂಡು ಫ್ಯಾನೇ ನಿಲ್ಲುತ್ತದೆ. ಟಯರ್ ಅಂಗಡಿಯ ಕಂಪ್ರೆಸರಿನಿಂದ ಊದಿಸಿಕೊಂಡು ಬಂದವರೂ ಇದ್ದಾರೆ. ಆ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತದೆ, ಒತ್ತಡವೂ ವಿಪರೀತ. ದಯವಿಟ್ಟು ಹಾಗೆ ಮಾಡಬೇಡಿ. ಕೈ ಬ್ಲೋವರ್ ಇದ್ದರೆ ಬಳಸಿ, ಊದುವಾಗ ರೆಕ್ಕೆಯನ್ನು ಒಂದು ಕಡ್ಡಿಯಿಂದ ಹಿಡಿದಿರಿ. ಸುಮ್ಮನೆ ಸುತ್ತಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ, ಫ್ಯಾನಿನ ವಯರು ಬೋರ್ಡಿಗೆ ಸಿಕ್ಕಿಸಿಯೇ ಇದ್ದರೆ ಅದೇ ಡೈನಮೋ ಆಗಿ ಬೋರ್ಡಿಗೆ ಕರೆಂಟು ನುಗ್ಗಿಸಲೂಬಹುದು.

ಕಂಬಳಿಯ ಬಣ್ಣ ನೋಡಿದರೆ ಲ್ಯಾಪ್‌ಟಾಪ್ ಎಲ್ಲಿ ಬಾಳುತ್ತಿದೆ ಎಂದು ತಿಳಿಯುತ್ತದೆ. ಮಳೆಗಾಲದಲ್ಲಿ ಮನೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಕೋಣೆಯದ್ದಾದರೆ ಬೂದು ನೂಲು. ಹೆದ್ದಾರಿ 66 ಅಗಲ ಮಾಡುವ ಕೆಲಸ ನಡೆಯುವಾಗ ರಸ್ತೆ ಬದಿಯ ಅಂಗಡಿಗಳಿಂದ ಬಂದದ್ದರಲ್ಲಿ ನುಣುಪಾದ ಹುಡಿ, ಒದ್ದೆಯಾಗಿ ಗಟ್ಟಿ ಕಟ್ಟಿದ್ದು. ಅಡಿಕೆಯ ನಾರು ಎಲ್ಲಕ್ಕಿಂತ ಕಷ್ಟ, ಅದು ಹಲ್ಲುಗಳ ನಡುವೆ ಹೆಣೆದುಕೊಳ್ಳುತ್ತದೆ. ಬ್ರಷ್ ಹೋಗದಲ್ಲಿ ಕಾಗದದ ಅಂಚನ್ನು ಒಂದೊಂದು ಸಂದಿಯಲ್ಲಿ ಹಾಯಿಸಿ ತೆಗೆಯುತ್ತೇನೆ. ಪಿನ್ನು, ಸೂಜಿ ಹಾಕಿದರೆ ಹಲ್ಲು ಬಗ್ಗುತ್ತದೆ.

ಫ್ಯಾನಿಗೂ ಹಲ್ಲುಗಳಿಗೂ ಸೇರಿಸಿ ಅಂಟಿಸಿದ ಒಂದು ತೆಳು ಟೇಪು ಇರುತ್ತದೆ, ಕಪ್ಪು ಅಥವಾ ಬೆಳ್ಳಿ ಬಣ್ಣದ್ದು. ಸ್ವಚ್ಛ ಮಾಡುವಾಗ ಇದನ್ನು ಹರಿದು ಬಿಸಾಡುವವರೇ ಹೆಚ್ಚು. ಅದು ಅಲಂಕಾರಕ್ಕಲ್ಲ. ಟೇಪು ಇಲ್ಲದಿದ್ದರೆ ಗಾಳಿ ಹಲ್ಲುಗಳ ಮೂಲಕ ಹೋಗದೆ ಆ ಸಂದಿಯಿಂದ ಲ್ಯಾಪ್‌ಟಾಪಿನ ಒಳಗೇ ಸೋರುತ್ತದೆ. ಹರಿದಿದ್ದರೆ ಬಿಸಿ ತಡೆಯುವ ಕಾಪ್ಟಾನ್ ಟೇಪು ಹಾಕಿ. ಎಲ್ಲವನ್ನೂ ಸರಿ ಮಾಡಿಯೂ ಹತ್ತು ಡಿಗ್ರಿ ಇಳಿಯದ ಒಂದು ಲ್ಯಾಪ್‌ಟಾಪಿನಲ್ಲಿ ನಾನು ಎರಡು ದಿನ ಹುಡುಕಿ, ಕೊನೆಗೆ ಕಂಡದ್ದು ಬೇರೆ ಯಾರೋ ಮೊದಲೇ ತೆಗೆದಿದ್ದ ಈ ಟೇಪಿನ ಅಂಟಿನ ಗುರುತನ್ನು.

ಫ್ಯಾನೋ, ಬೋರ್ಡೋ?

ಹಲ್ಲು ಚೊಕ್ಕ, ರೆಕ್ಕೆ ಸಲೀಸು, ಆದರೂ ತಿರುಗುವುದಿಲ್ಲ ಎಂದಾದರೆ ಫ್ಯಾನನ್ನು ಹೊರಗೆ ತೆಗೆದು ಪರೀಕ್ಷಿಸಿ. ಅದರ ಮೇಲಿನ ಚೀಟಿಯನ್ನು ಮೊದಲು ಓದಿ. ಹೆಚ್ಚಿನವು 5 ವೋಲ್ಟಿನವು, ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ 12 ವೋಲ್ಟ್. 5 ವೋಲ್ಟ್ ಆದರೆ ಒಂದು ಹಳೆಯ ಯುಎಸ್‌ಬಿ ಕೇಬಲ್ ಕತ್ತರಿಸಿ, ಅದರ ಕೆಂಪು ಮತ್ತು ಕಪ್ಪು ವಯರನ್ನು ಮಲ್ಟಿಮೀಟರಿನಲ್ಲಿ ಅಳೆದು 5 ವೋಲ್ಟ್ ಎಂದು ಖಚಿತ ಮಾಡಿ, ಫ್ಯಾನಿನ ಪ್ಲಸ್ ಮೈನಸ್‌ಗೆ ತಾಗಿಸಿ. ಅದಲುಬದಲು ಆಗಕೂಡದು. ಸಾಮಾನ್ಯವಾಗಿ ನಾಲ್ಕು ವಯರು ಇರುತ್ತದೆ: ಒಂದು 5 ವೋಲ್ಟ್, ಒಂದು ಗ್ರೌಂಡ್, ಒಂದು ತಿರುಗಿದ ಲೆಕ್ಕ ಹೇಳುವುದು, ಇನ್ನೊಂದು ವೇಗದ ಅಪ್ಪಣೆ ತರುವ ಪಿಡಬ್ಲ್ಯೂಎಂ. ಬಣ್ಣ ಕಂಪೆನಿಯಿಂದ ಕಂಪೆನಿಗೆ ಬೇರೆ, ಕೆಂಪು ಕಂಡ ಕೂಡಲೇ ಪ್ಲಸ್ ಎಂದು ತೀರ್ಮಾನಿಸದೆ ಬೋರ್ಡಿನ ಕನೆಕ್ಟರಿನಲ್ಲಿ ಅದು ಯಾವ ಪಿನ್ನಿಗೆ ಹೋಗುತ್ತದೆ ನೋಡಿ. ಅಪ್ಪಣೆಯ ವಯರು ಖಾಲಿ ಇದ್ದರೆ ನಾಲ್ಕು ವಯರಿನ ಫ್ಯಾನ್ ಸಾಮಾನ್ಯವಾಗಿ ಪೂರ್ತಿ ವೇಗದಲ್ಲಿ ತಿರುಗುತ್ತದೆ. ಹಾಗೆ ತಿರುಗಿದರೆ ಫ್ಯಾನ್ ಬದುಕಿದೆ, ಹೊಸತು ತರಿಸಬೇಡಿ, ದೋಷ ಬೋರ್ಡಿನಲ್ಲಿ ಇದೆ. ತಿರುಗದಿದ್ದರೆ ಫ್ಯಾನ್ ಹೋಗಿದೆ ಎಂದು ಈಗ ಧೈರ್ಯವಾಗಿ ಹೇಳಬಹುದು.

ಬೋರ್ಡಿನ ಬದಿ ನೋಡಲು ಬ್ಯಾಟರಿ ಸಿಕ್ಕಿಸಿ ಆನ್ ಮಾಡಿ, ಮೀಟರಿನ ಕಪ್ಪು ಕಡ್ಡಿಯನ್ನು ಯುಎಸ್‌ಬಿ ಬಾಯಿಯ ಲೋಹಕ್ಕೆ ಇಟ್ಟು, ಕೆಂಪು ಕಡ್ಡಿಯಿಂದ ಫ್ಯಾನ್ ಕನೆಕ್ಟರಿನ ಪವರ್ ಪಿನ್ ಮುಟ್ಟಬೇಕು. ನಾಲ್ಕು ಪಿನ್ನಿನದ್ದಾದರೆ ಫ್ಯಾನಿನ ಚೀಟಿಯಲ್ಲಿರುವಷ್ಟು, ಹೆಚ್ಚಿನದರಲ್ಲಿ 5 ವೋಲ್ಟ್, ಬರಬೇಕು. ಬರದಿದ್ದರೆ ಕನೆಕ್ಟರಿನ ಹತ್ತಿರದ ಸಣ್ಣ ಫ್ಯೂಸ್ ಅಥವಾ ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಬಿಡಿಭಾಗ) ಹೋಗಿರಬಹುದು. ಕಡ್ಡಿ ಜಾರಿ ಎರಡು ಪಿನ್ ಒಟ್ಟಿಗೆ ಮುಟ್ಟಿದರೆ ಇಸಿಯೇ ಸುಡಬಹುದು, ಕೈ ಅಭ್ಯಾಸ ಇಲ್ಲದವರು ಈ ಒಂದು ಪರೀಕ್ಷೆಯನ್ನು ಚಿಪ್ ಕೆಲಸ ಮಾಡುವವರಿಗೆ ಬಿಡಿ.

ಒಣಗಿದ ಬೇರಿಂಗಿಗೆ ಎಣ್ಣೆ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹೊಲಿಗೆ ಮೆಷಿನಿನ ಎಣ್ಣೆ ಒಂದು ಹನಿ ಹಾಕಿ ಪರೀಕ್ಷೆಯ ವಾರ ದಾಟಿಸಿದ್ದೇನೆ, ಆದರೆ ಅದು ಹೊಸ ಫ್ಯಾನ್ ಬರುವವರೆಗಿನ ಏರ್ಪಾಡು ಮಾತ್ರ. ತೆಂಗಿನೆಣ್ಣೆ ಬೇಡವೇ ಬೇಡ. ಮನೆಯಲ್ಲಿ ಕೈಗೆ ಸಿಗುವುದು ಅದೇ ಎಂದು ಬಹಳ ಮಂದಿ ಹಾಕುತ್ತಾರೆ. ಅದು ಕ್ರಮೇಣ ಅಂಟಾಗಿ, ಹುಡಿಯನ್ನೆಲ್ಲ ಹಿಡಿದು ದಂಡವನ್ನೇ ಕಚ್ಚಿಕೊಳ್ಳುತ್ತದೆ. ಡಬ್ಲ್ಯೂಡಿ-40 ಕೂಡ ಇದಕ್ಕೆ ಹೇಳಿದ್ದಲ್ಲ, ಇದ್ದ ಎಣ್ಣೆಯನ್ನೂ ತೊಳೆದು ಹಾಕುತ್ತದೆ.

ಹೊಸತು ತರಿಸುವುದೇ ಆದರೆ ಲ್ಯಾಪ್‌ಟಾಪಿನ ಹೆಸರು ನೋಡಿ ತರಿಸಬೇಡಿ, ಹಳೆಯ ಫ್ಯಾನಿನ ಚೀಟಿಯಲ್ಲಿರುವ ಪಾರ್ಟ್ ನಂಬರ್ ನೋಡಿ. ಒಂದೇ ಮಾಡೆಲಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವುದಕ್ಕೊಂದು, ಇಲ್ಲದ್ದಕ್ಕೊಂದು ಫ್ಯಾನ್ ಇರುತ್ತದೆ. ಎರಡು ಫ್ಯಾನ್ ಇರುವಲ್ಲಿ ಎಡದ್ದು ಬಲಕ್ಕೆ ಕೂರುವುದಿಲ್ಲ.

ಪೇಸ್ಟ್, ಮತ್ತು ಮುಚ್ಚುವುದು

ಹೀಟ್‌ಸಿಂಕ್ ತೆಗೆಯುವ ಅಗತ್ಯ ಬಂದರೆ ಮಾತ್ರ ತೆಗೆಯಿರಿ. ತೆಗೆದ ಮೇಲೆ ಹಳೆಯ ಪೇಸ್ಟಿನ ಮೇಲೆಯೇ ಕೂರಿಸಬೇಡಿ. ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಕೊರೆದಿರುತ್ತದೆ. ಬಿಚ್ಚುವಾಗ 4ರಿಂದ 1ಕ್ಕೆ, ಹಾಕುವಾಗ 1ರಿಂದ 4ಕ್ಕೆ, ಒಂದೊಂದನ್ನು ಅರ್ಧರ್ಧ ಸುತ್ತಿನಂತೆ. ಒಂದನ್ನೇ ಪೂರ್ತಿ ಬಿಗಿದರೆ ಮೇಲೆ ಲೋಹದ ಹೊದಿಕೆ ಇಲ್ಲದ ಚಿಪ್ಪಿನ ಮೂಲೆ ಒಡೆಯುವ ಅಪಾಯ ಇದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಹಾಕಿ ಹೊಳೆಯುವವರೆಗೆ ಒರೆಸಿ, ಹೊಸದನ್ನು ಚಿಪ್ಪಿನ ಮೇಲೆ ತೆಳುವಾಗಿ, ಮೂಲೆ ಬಿಡದೆ ಹಚ್ಚಿ. ಅಕ್ಕಪಕ್ಕದ ಸಣ್ಣ ಚಿಪ್‌ಗಳ ಮೇಲಿರುವ ಮೆತ್ತನೆಯ ಪ್ಯಾಡ್‌ಗಳ ಜಾಗಕ್ಕೆ ಪೇಸ್ಟ್ ತುಂಬಬೇಡಿ. ಅಲ್ಲಿ ಇರುವ ಸಂದಿಗೆ ಅಷ್ಟೇ ದಪ್ಪದ ಪ್ಯಾಡೇ ಬೇಕು. ಪ್ಯಾಡ್ ದಪ್ಪ ಹೆಚ್ಚಾದರೆ ಮುಖ್ಯ ಚಿಪ್ಪಿಗೇ ಹೀಟ್‌ಸಿಂಕ್ ತಾಗದೆ ಹೋಗುತ್ತದೆ.

ಕೆಳಗಿನ ಮುಚ್ಚಳ ಹಾಕದೆ ಪರೀಕ್ಷೆ ಮುಗಿಸಬೇಡಿ. ಗಾಳಿಯ ದಾರಿ ಪೂರ್ತಿಯಾಗುವುದು ಮುಚ್ಚಳ ಹಾಕಿದ ಮೇಲೆಯೇ, ಮುಚ್ಚಳ ಇಲ್ಲದಾಗಿನ ಡಿಗ್ರಿ ಬೇರೆಯೇ ಇರುತ್ತದೆ. ಮುಚ್ಚಿ, ಅದೇ ಕೋಣೆಯಲ್ಲಿ, ಅದೇ 10 ನಿಮಿಷದ ಕೆಲಸ ಕೊಟ್ಟು, ಮೊದಲಿನ ಚೀಟಿಯ ಪಕ್ಕದಲ್ಲಿ ಬರೆಯಿರಿ.

ಟೀಚರ ಚೀಟಿಯಲ್ಲಿ ಮೊದಲು 99 ಇತ್ತು, ಆಮೇಲೆ 81. ಬಸ್ ಟಿಕೇಟನ್ನು ಅವರ ಕೈಗೇ ಕೊಟ್ಟೆ. ಕಿಂಡಿಯ ಎದುರು ಹಿಡಿದಾಗ ಅದು ಪಟಪಟ ಹೊಡೆದುಕೊಂಡಿತು. “ಇದನ್ನು ಇಟ್ಟುಕೊಳ್ತೇನೆ ಅಣ್ಣ” ಎಂದು ಪರ್ಸಿಗೆ ಹಾಕಿಕೊಂಡರು. ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಲ್ಯಾಪ್‌ಟಾಪ್ ಒಳಗಿನ ಕೋಣೆಯಲ್ಲಿ ಇಡಿ, ಪ್ರತಿ ತಿಂಗಳು ಒಮ್ಮೆ ಟಿಕೇಟು ಹಿಡಿದು ನೋಡಿ, ಬಾಗುವುದು ಕಡಿಮೆ ಆದ ದಿನ ತನ್ನಿ ಅಂದೆ.